ಕೋಡಿಗೆ ಬಲೆ ಕಟ್ಟಿದ ವರ್ಷ

ಮೊನ್ನೆ ಹಳೆ ಫ್ರೆಂಡ್ ಒಬ್ಬ ಫೋನ್ ಮಾಡಿದ್ದ. ಅವನ ಮಾವನ ಜಾಗ ಪೆರ್ಲದಿಂದ ಸ್ವಲ್ಪ ಒಳಗೆ, ಅಲ್ಲೊಂದು ಹಳೆ ಮದಕ ಉಂಟಂತೆ, ಹೂಳು ತೆಗೆಸಿ ಪೆಡಲ್ ಬೋಟು ಬಿಟ್ಟು ಮೇಲೆ ಎರಡು ರೂಮು ಕಟ್ಟಿದ್ರೆ ಹೋಮ್‌ಸ್ಟೇ ಆಗ್ತದಲ್ಲ, ನಿಮ್ಮಲ್ಲಿ ಮಾಡಿದ್ದೀರಲ್ಲ, ಹೇಗೆ, ಎಷ್ಟು ಖರ್ಚಾಯ್ತು ಅಂತ ಕೇಳ್ಲಿಕ್ಕೆ. ನಾನು ಖರ್ಚಿನ ಮಾತು ಆಮೇಲೆ ಹೇಳ್ತೇನೆ, ಮೊದ್ಲು ಅದರ ಕೋಡಿ (ತುಂಬಿ ಹೆಚ್ಚಾದ ನೀರು ಹೊರಗೆ ಹೋಗುವ ದಾರಿ) ಎಲ್ಲುಂಟು, ಎಷ್ಟು ಅಗಲ ಉಂಟು ಹೇಳು ಅಂದೆ. ಅವನಿಗೆ ಗೊತ್ತಿಲ್ಲ. ಮಾವನನ್ನು ಕೇಳಿ ಹೇಳ್ತೇನೆ ಅಂದ. ಅವತ್ತು ಮುಕ್ಕಾಲು ಗಂಟೆ ಮಾತಾಡಿದ್ದೇನೆ, ಆದ್ರೂ ಎಲ್ಲ ಹೇಳಿ ಮುಗಿದಿಲ್ಲ ಅಂತ ಅನ್ಸಿತು, ಅದಕ್ಕೆ ಇಲ್ಲಿ ಬರೀತಾ ಇದ್ದೇನೆ. ಅವನಿಗೂ ಆಯ್ತು, ಈಚೆಗೆ ನಮ್ಮ ಕಡೆ ಹಳೆ ಮದಕ ನೋಡಿ ಇದೇ ಯೋಚನೆ ಮಾಡ್ತಾ ಇರುವ ಬೇರೆಯವ್ರಿಗೂ ಆಯ್ತು.

ಮದಕ ಅಂದ್ರೆ ಗೊತ್ತಿಲ್ಲದವ್ರಿಗೆ ಒಂಚೂರು ಹೇಳ್ತೇನೆ. ಕಾಸರಗೋಡು, ಪುತ್ತೂರು ಕಡೆ ಗುಡ್ಡದ ಮಧ್ಯೆ ನೀರು ಇಳಿದು ಬರುವ ಕಣಿವೆ ಇರ್ತದಲ್ಲ, ಅದರ ಬಾಯಿಗೆ ಅಡ್ಡ ಮಣ್ಣಿನ ದಂಡೆ ಹಾಕುದು. ಮೂರು ಕಡೆ ಗುಡ್ಡ, ಒಂದು ಕಡೆ ದಂಡೆ, ಮಳೆಗಾಲದ ನೀರು ಅಲ್ಲಿ ನಿಲ್ತದೆ. ಮೈಸೂರು ಕಡೆಯವ್ರು ಏರಿ ಅಂತಾರೆ, ನಾವು ದಂಡೆ ಅಂತ್ಲೇ ಹೇಳುದು. ಮದಕದ ನೀರನ್ನು ಕಾಲುವೆ ಮಾಡಿ ತೋಟಕ್ಕೆ ಬಿಡುದು ಕಡಿಮೆ, ಅದು ಅಡಿಯಲ್ಲಿ ಇಂಗಿ ಕೆಳಗಿನ ಬಾವಿಗೆ, ಸುರಂಗಕ್ಕೆ (ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದದ್ದು) ಹೋಗ್ಬೇಕು, ಅದೇ ಅದರ ಕೆಲಸ. ನಮ್ಮ ಎಣ್ಮಕಜೆ ಪಂಚಾಯತಿನವ್ರೇ ಆದ ಶ್ರೀಪಡ್ರೆಯವ್ರು ಮದಕ, ಸುರಂಗ, ತೋಡಿಗೆ (ಸಣ್ಣ ಹೊಳೆಗೆ) ಹಾಕುವ ಕಟ್ಟ ಎಲ್ಲದರ ಬಗ್ಗೆ ವರ್ಷಗಟ್ಲೆ ಬರ್ದಿದ್ದಾರೆ, ಅಡಿಕೆ ಪತ್ರಿಕೆ ತರಿಸುವವ್ರಿಗೆ ಹೊಸತಾಗಿ ಹೇಳ್ಬೇಕಂತಿಲ್ಲ. ಅಂದ್ರೆ ಮದಕ ತಳದಲ್ಲಿ ಸೋರ್ಬೇಕು. ದಂಡೆಯಲ್ಲಿ ಸೋರ್ಬಾರ್ದು. ಇವೆರಡರ ವ್ಯತ್ಯಾಸ ನನಗೆ ಅರ್ಥ ಆಗ್ಲಿಕ್ಕೆ ನಲ್ವತ್ತು ವರ್ಷ ಬೇಕಾಯ್ತು.

ನಮ್ಮದು ಅಜ್ಜನ ಕಾಲದ್ದು. ದಂಡೆ ಸುಮಾರು ಇನ್ನೂರು ಅಡಿ ಉದ್ದ, ಮಧ್ಯದಲ್ಲಿ ಹದಿಮೂರು ಅಡಿ ಎತ್ತರ, ನೀರು ನಿಲ್ಲುವ ಜಾಗ ಅರ್ವತ್ತು ಸೆಂಟ್ಸು. ಅಜ್ಜ ಗದ್ದೆಯ ಅಂಟುಮಣ್ಣು ಹೊರಿಸಿ ಗೇಣು ಗೇಣು ಹಾಕಿ ಗುದ್ದಿಸಿ ಕಟ್ಟಿಸಿದ್ದಂತೆ, ಒಂದು ಪದರ ಗುದ್ದಿ ಮುಗಿಯದೆ ಮೇಲಿನ ಬುಟ್ಟಿ ಸುರಿಯಲಿಕ್ಕೆ ಬಿಡ್ತಿರ್ಲಿಲ್ಲ ಅಂತ ಅಪ್ಪ ಈಗ್ಲೂ ಹೇಳ್ತಾರೆ. ಬಲಗಡೆ ಗುಡ್ಡದ ಮೂಲೆಯಲ್ಲಿ, ದಂಡೆಯ ಮಣ್ಣಿಗೆ ತಾಗದ ಹಾಗೆ, ಗಟ್ಟಿ ಮುರಕಲ್ಲು ಕಡಿದು ಎಂಟಡಿ ಅಗಲದ ಕೋಡಿ. ಹೆಚ್ಚಾದ ನೀರು ಅಲ್ಲಿಂದ ಹೊರಗೆ ಬಿದ್ದು ತೋಡಿಗೆ ಸೇರ್ತದೆ. ನಮ್ಮಲ್ಲಿ ಜೂನ್ ಕೊನೆಗೆ ಕೋಡಿ ಹೋಗ್ಲಿಕ್ಕೆ ಶುರುವಾದ್ರೆ ಸೆಪ್ಟೆಂಬರ್ ತನಕ ರಾತ್ರಿ ಹಗಲು ಅದರ ಶಬ್ದ. ಮನೆಯಲ್ಲಿ ಹುಟ್ಟಿದ ಮಕ್ಕಳೆಲ್ಲ ಆ ಶಬ್ದದಲ್ಲೇ ನಿದ್ದೆ ಮಾಡಿದವ್ರು.

ಈಜು ಕಲ್ತದ್ದೂ ಅಲ್ಲೇ. ಡಿಸೆಂಬರ್, ಜನವರಿಯಲ್ಲಿ ನೀರು ತಿಳಿಯಾದ ಮೇಲೆ ಅಪ್ಪ ಎರಡು ಒಣ ತೆಂಗಿನಕಾಯಿ ಜೋಡಿಸಿ ಬೆನ್ನಿಗೆ ಕಟ್ಟಿ ಬಿಡ್ತಿದ್ರು, ಶಾಲೆಗೆ ರಜೆ ಇದ್ರೆ ಬಾಳೆದಂಡಿನ ತೆಪ್ಪ. ಎಪ್ರಿಲಿಗೆ ನೀರು ಮೊಣಕಾಲಿಗೆ ಬರ್ತಿತ್ತು, ಆಮೇಲೆ ಆ ಕೆಸ್ರಲ್ಲಿ ಆಟ. ಹಾಗಾಗಿ ತಮ್ಮ (ಚಿಕ್ಕಪ್ಪನ ಮಗ) ಬೆಂಗ್ಳೂರಿನ ಕೆಲ್ಸ ಬಿಟ್ಟು ಬಂದು, ಅಣ್ಣಾ ಇಲ್ಲಿ ಹೋಮ್‌ಸ್ಟೇ ಮಾಡುವ, ಪೇಟೆಯ ಮಕ್ಕಳಿಗೂ ಈಜು, ಬೋಟು ಎಲ್ಲ ಸಿಗ್ಲಿ ಅಂದಾಗ ನನಗೆ ನಿಜವಾಗಿ ಖುಷಿಯಾದದ್ದು. ಅಡಿಕೆಗೆ ಹಳದಿ ರೋಗ, ಕೊಳೆ ರೋಗ, ತೋಟ ಒಂದನ್ನೇ ನಂಬಿ ಕೂತ್ರೆ ಆಗುದಿಲ್ಲ ಅಂತ ನಮ್ಗೂ ಗೊತ್ತಿತ್ತು. ಹುಡುಗ ಊರಿಗೆ ಬಂದದ್ದೇ ದೊಡ್ಡದು. ಆ ಆಸೆಯಲ್ಲಿ ತಪ್ಪೇನೂ ಇರ್ಲಿಲ್ಲ, ಈಗ್ಲೂ ಇಲ್ಲ.

ಅವನು ಒಂದೊಂದೇ ಮಾಡ್ತಾ ಬಂದ. ಎರಡು ಪೆಡಲ್ ಬೋಟು, ಲೈಫ್ ಜಾಕೆಟ್, ಕಲ್ಲಿನ ಮೆಟ್ಲು. ಗೆಸ್ಟುಗಳ ಜೀಪು ಆಚೆ ಬದಿಯ ರೂಮಿಗೆ ಹೋಗ್ಲಿಕ್ಕೆ ದಂಡೆಯ ಮೇಲಿನ ಕಾಲ್ದಾರಿಯನ್ನೇ ಜೇಸಿಬಿಯಲ್ಲಿ ಸಮ ಮಾಡಿ ಅಗಲ ಮಾಡಿದ. ಮಕ್ಕಳು ಚರುಮುರಿ ಹಾಕಿದ್ರೆ ಮೇಲೆ ಬರ್ಲಿ ಅಂತ ರೋಹು, ಕಾಟ್ಲ ಮರಿ ಬಿಟ್ಟ, ನಮ್ಮಲ್ಲಿ ತಿನ್ನುವವ್ರು ಯಾರೂ ಇಲ್ಲ, ನೋಡ್ಲಿಕ್ಕೆ ಮಾತ್ರ. ಮೊದಲ ಮಳೆಗೇ ಅರ್ಧ ಮೀನು ಕೋಡಿಯಲ್ಲಿ ತೋಡಿಗೆ ಹೋಯ್ತು. ಅದಕ್ಕೆ ಮುಂದಿನ ವರ್ಷ ಕೋಡಿಗೆ ಅಡ್ಡ ನೈಲಾನ್ ಬಲೆ ಕಟ್ಟಿದ. ಬೇಸಿಗೆಗೆ ಬೋಟಿಗೆ ನೀರು ಸಾಕಾಗುದಿಲ್ಲ ಅಂತ ಕೋಡಿಯಲ್ಲಿ ಎರಡು ಹಲ್ಗೆ ಇಟ್ಟು ಮುಕ್ಕಾಲು ಅಡಿ ಎತ್ತರಿಸಿದ. ಮಾರ್ಚಲ್ಲೂ ಬೋಟು ತೇಲ್ತದೆ ಅಂತ ನಾವೆಲ್ಲ ಹೊಗಳಿದ್ದೇವೆ, ನಾನೂ.

ಅಪ್ಪ ಮಾತ್ರ ಹಲ್ಗೆ ನೋಡಿದ ದಿನವೇ "ಕೋಡಿಗೆ ಕೈ ಹಾಕೆಡಿ, ನೀರಿಂಗೆ ಹೋಪಲೆ ದಾರಿ ಬೇಕು" ಅಂದ್ರು. ಕೋಡಿಗೆ ಕೈ ಹಾಕ್ಬೇಡಿ, ನೀರಿಗೆ ಹೋಗ್ಲಿಕ್ಕೆ ದಾರಿ ಬೇಕು ಅಂತ. ಒಂದೇ ಸಲ ಹೇಳಿದ್ದು. ವಯಸ್ಸಾದವ್ರ ಮಾತು ಅಂತ ಅವತ್ತು ಕಿವಿಗೆ ಹಾಕಿಕೊಳ್ಳಲಿಲ್ಲ, ಅದು ನನಗೆ ಇವತ್ತಿಗೂ ಚುಚ್ತದೆ.

ಎರಡು ವರ್ಷ ಹಿಂದಿನ ಜುಲೈ. ಮೂರು ದಿನದಿಂದ ಬಿಡದೆ ಮಳೆ, ಕಾಸರಗೋಡಿಗೆ ರೆಡ್ ಅಲರ್ಟ್, ಕರೆಂಟು ಮಧ್ಯಾಹ್ನವೇ ಹೋಗಿತ್ತು. ರಾತ್ರಿ ಹನ್ನೊಂದೂವರೆ ಆಗಿರ್ಬೇಕು, ಅಪ್ಪ ಬಂದು ಬಾಗ್ಲು ಬಡಿದ್ರು. "ಏಳು, ಕೋಡಿಯ ಶಬ್ದ ಕೇಳ್ತಿಲ್ಲೆ."

ನಾನು ಕಿವಿಕೊಟ್ಟೆ. ಹಂಚಿನ ಮೇಲೆ ಮಳೆ ಸುರಿಯುವ ಶಬ್ದ ಉಂಟು, ತೋಡಿನ ಶಬ್ದ ಉಂಟು, ಕೋಡಿಯದ್ದು ಇಲ್ಲ. ಅಷ್ಟು ಮಳೆಗೆ ಅದು ಗರ್ಜಿಸ್ತಾ ಇರ್ಬೇಕು. ಇದನ್ನು ಬರೆಯುವಾಗ್ಲೂ ಮೈ ಜುಮ್ ಅಂತದೆ.

ತಮ್ಮನನ್ನು ಎಬ್ಬಿಸಿ ಟಾರ್ಚು, ಕತ್ತಿ, ಹಗ್ಗ, ಕಬ್ಬಿಣದ ಹಾರೆ ಹಿಡ್ಕೊಂಡು ಓಡಿದೆವು. ಬಲೆ ಕಾಣ್ತಾನೇ ಇರ್ಲಿಲ್ಲ, ಮಾವಿನ ಎಲೆ, ರಬ್ಬರ್ ಎಲೆ, ಅಡಿಕೆ ಸೋಗೆ, ಒಂದು ಥರ್ಮಕೋಲ್ ಪೆಟ್ಟಿಗೆ, ನೀರಿನ ಬಾಟ್ಲಿಗಳು ಎಲ್ಲ ಅದಕ್ಕೆ ಅಂಟಿ ಗೋಡೆ ಹಾಗೆ ಆಗಿತ್ತು, ಅದರ ಸಂದಿಯಿಂದ ಮತ್ತೆ ಮೇಲಿಂದ ಒಂಚೂರು ಒಂಚೂರು ನೀರು ಬೀಳ್ತಾ ಇತ್ತು ಅಷ್ಟೇ. ಟಾರ್ಚನ್ನು ದಂಡೆಯ ಉದ್ದಕ್ಕೆ ಬಿಟ್ಟು ನೋಡಿದೆ. ಮಧ್ಯದಲ್ಲಿ, ಜೀಪು ಓಡಾಡಿ ತಗ್ಗಾದಲ್ಲಿ, ನೀರಿಗೂ ದಂಡೆಯ ಮಂಡೆಗೂ ನಾಲ್ಕು ಬೆರಳು. ಗಾಳಿಗೆ ತೆರೆ ಎದ್ದಾಗ ಚಕ್ರದ ಗುಂಡಿಗೆ ನೀರು ಬಂದು ಕೂತ್ಕೊಳ್ತಾ ಇತ್ತು.

ದಂಡೆಯ ಕೆಳಗೆ ನಮ್ಮ ತೋಟ, ತೋಟದ ಕೆಳಗೆ ತೋಡಿನ ಬದಿಯಲ್ಲಿ ಮೂರು ಮನೆ ಉಂಟು. ಒಂದರಲ್ಲಿ ಹಾಸಿಗೆ ಹಿಡಿದ ಅಜ್ಜಿ. ತಮ್ಮ ಅಲ್ಲಿಗೆ ಓಡಿದ. ಅವನು ಮತ್ತೆ ಆ ಮನೆಯ ಇಬ್ರು ಸೇರಿ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ನಮ್ಮ ಜಗಲಿಗೆ ತಂದ್ರು, ಹಿಂದಿಂದ ಮಕ್ಕಳು, ಒಬ್ಬಳ ಕೈಯಲ್ಲಿ ಶಾಲೆಯ ಚೀಲ. ನಾನು ಮತ್ತೆ ತೋಟದ ಕೆಲ್ಸಕ್ಕೆ ಬರುವ ಅಣ್ಣ (ಅವ್ರು ಶಬ್ದ ಕೇಳಿ ತಾನಾಗಿ ಬಂದದ್ದು) ಸೊಂಟಕ್ಕೆ ಹಗ್ಗ ಹಾಕಿ ತೆಂಗಿನ ಮರಕ್ಕೆ ಕಟ್ಟಿ ಬಲೆಯ ಒಂದು ಬದಿಯ ಹಗ್ಗ ಮಾತ್ರ ಕಡಿದೆವು. ನೀರಿನ ಎದುರು ಬದಿಗೆ ಇಳಿಯಬೇಡಿ, ಎಳ್ಕೊಂಡು ಹೋಗ್ತದೆ, ಪಕ್ಕದಲ್ಲೇ ನಿಲ್ಲಿ ಅಂತ ಅಪ್ಪ ಮೇಲಿಂದ ಕೂಗ್ತಾ ಇದ್ರು. ಬಲೆ ಬಾಗ್ಲು ತೆರೆದ ಹಾಗೆ ತಿರುಗಿ ಅಷ್ಟೂ ಕಸ ಒಂದೇ ಸಲ ಹೋಯ್ತು, ಬಸ್ಸು ಹತ್ತಿರದಿಂದ ಹೋದ ಹಾಗೆ ಶಬ್ದ. ಹಲ್ಗೆ ಎರಡು ನೀರಿನ ಭಾರಕ್ಕೆ ಸಿಕ್ಕಿಹಾಕಿಕೊಂಡಿತ್ತು, ಎಳೆದ್ರೆ ಬರುದಿಲ್ಲ, ಹಾರೆಯಲ್ಲಿ ಒಡೆದು ತುಂಡು ಮಾಡಿ ತೆಗ್ದೆವು. ಇಷ್ಟಾಗಿಯೂ ನೀರು ಒಂದು ಗೇಣು ಇಳಿಯಲಿಕ್ಕೆ ಮೂರು ಗಂಟೆ ಆಯ್ತು. ಅಷ್ಟು ಹೊತ್ತು ನಾವು ದಂಡೆಯ ಮೇಲೆ ಅಡಿಕೆ ಸಿಪ್ಪೆ ತುಂಬಿಸಿದ ಗೋಣಿ, ಮಣ್ಣಿನ ಗೋಣಿ ಎಲ್ಲ ತಗ್ಗಿನಲ್ಲಿ ಇಡ್ತಾ ಇದ್ದೆವು. ತೂಬು (ದಂಡೆಯ ಅಡಿಯಿಂದ ನೀರು ಬಿಡುವ ಕಿಂಡಿ) ಇದ್ದಿದ್ರೆ ತೆಗೀಬಹುದಿತ್ತು. ಅಜ್ಜ ಇಟ್ಟ ತೂಬು ಸೋರ್ತದೆ ಅಂತ ಇಪ್ಪತ್ತು ವರ್ಷ ಹಿಂದೆಯೇ ಕಾಂಕ್ರೀಟು ಹಾಕಿ ಮುಚ್ಚಿದ್ದೆವು, ಬೇರೆ ಮಾಡಿಸಿರ್ಲಿಲ್ಲ.

ಬೆಳಿಗ್ಗೆ ಅಬ್ಬೆ (ಅಮ್ಮ) ಎಲ್ರಿಗೂ ಚಾ ಕೊಟ್ಟು ಅವಲಕ್ಕಿ ಮಾಡಿದ್ರು. ಯಾರೂ ನಮ್ಮನ್ನು ಬೈಲಿಲ್ಲ. ಆ ಅಜ್ಜಿ ಅಬ್ಬೆಯ ಕೈ ಹಿಡ್ಕೊಂಡು ಸುಮ್ನೆ ಕೂತಿದ್ರು.

ಮೂರು ದಿನ ಕಳೆದು ಕರೆಂಟು ಬಂದ ಮೇಲೆ ಫೋನಲ್ಲಿ ಇಂಥ ಬೇರೆ ಕಡೆಯದ್ದು ಹುಡುಕಿ ಓದ್ಲಿಕ್ಕೆ ಕೂತೆ. ಆಗ ಅಮೆರಿಕದ ಸೌತ್ ಫೋರ್ಕ್ ಅಣೆಕಟ್ಟಿನ ಕಥೆ ಸಿಕ್ಕಿದ್ದು. ಪೆನ್ಸಿಲ್ವೇನಿಯಾದಲ್ಲಿ, ಮಣ್ಣಿನದ್ದು, 72 ಅಡಿ ಎತ್ತರ. ಮೊದ್ಲು ಸರ್ಕಾರ ಕಾಲುವೆಗೆ ನೀರು ಬೇಕಂತ ಕಟ್ಟಿಸಿದ್ದು, ಆಮೇಲೆ ಕೈ ಬದಲಾಗಿ ಬದಲಾಗಿ ಒಂದು ಖಾಸಗಿ ಮೀನುಗಾರಿಕೆ ಮತ್ತು ಬೇಟೆ ಕ್ಲಬ್ಬಿಗೆ ಬಂತು. ಆಂಡ್ರ್ಯೂ ಕಾರ್ನೆಗಿಯಂಥ ಶ್ರೀಮಂತರು ಅದರ ಸದಸ್ಯರು, ಬೇಸಿಗೆಗೆ ಬಂದು ಬೋಟಲ್ಲಿ ಕೂತು ಮೀನು ಹಿಡಿಯುದು. ನೀರು ಬಿಡುವ ಬೀಡುಕಬ್ಬಿಣದ ಪೈಪುಗಳನ್ನು ಹಿಂದಿನ ಮಾಲಿಕ ಕಿತ್ತು ಗುಜರಿಗೆ ಮಾರಿದ್ದ, ಮತ್ತೆ ಯಾರೂ ಹಾಕ್ಲಿಲ್ಲ. ದಂಡೆಯ ಮೇಲೆ ಎರಡು ಗಾಡಿ ಎದುರುಬದುರು ಹೋಗ್ಬೇಕು ಅಂತ ಮೇಲ್ಭಾಗ ತಗ್ಗಿಸಿದ್ರು. ಸಾಕಿದ ಮೀನು ಹೊರಗೆ ಹೋಗ್ಬಾರ್ದು ಅಂತ ಕೋಡಿಗೆ ಜಾಲರಿ ಹಾಕಿದ್ರು. 1889ರ ಮೇ 31ಕ್ಕೆ ಜೋರು ಮಳೆ ಬಂತು, ಜಾಲರಿಗೆ ಕಸ ಕಟ್ಟಿತು, ನೀರು ದಂಡೆ ಹತ್ತಿ ಹೋಯ್ತು, ದಂಡೆ ಒಡೀತು. ಸುಮಾರು 22 ಕಿ.ಮೀ. ಕೆಳಗಿದ್ದ ಜಾನ್ಸ್‌ಟೌನ್ ಊರಲ್ಲಿ ಮತ್ತೆ ದಾರಿಯಲ್ಲಿ ಸೇರಿ 2200ಕ್ಕಿಂತ ಹೆಚ್ಚು ಜನ ಸತ್ತ್ರು.

ಇಲ್ಲದ ತೂಬು, ತಗ್ಗಿದ ದಂಡೆ, ಕೋಡಿಗೆ ಬಲೆ. ಮೂರಕ್ಕೆ ಮೂರೂ ನಮ್ಮಲ್ಲಿ ಇತ್ತು. ನಮ್ಮದು ಅದರ ಎದುರು ಒಂದು ಗುಬ್ಬಚ್ಚಿ, ಆದ್ರೆ ತೋಡಿನ ಬದಿಯ ಮೂರು ಮನೆಯೂ ಹತ್ರವೇ ಉಂಟಲ್ಲ. ತಮ್ಮನಿಗೆ ಓದಿ ಹೇಳಿದೆ. ಅವನು ಪೂರ್ತಿ ಕೇಳಿ ಎದ್ದು ಹೋಗಿ ದಂಡೆಯ ಎರಡೂ ಕಡೆ ಕಲ್ಲು ಅಡ್ಡ ಇಟ್ಟು ಜೀಪಿನ ದಾರಿ ಬಂದ್ ಮಾಡಿ ಬಂದ.

ಲೆಕ್ಕ ಹಾಕ್ಲಿಕ್ಕೆ ಕಲಿಸಿದ್ದು ನೀರಾವರಿಯಲ್ಲಿ ಕೆಲಸ ಮಾಡಿ ರಿಟೈರ್ ಆದ ಒಬ್ರು ಇಂಜಿನಿಯರ್, ಅಪ್ಪನ ಪರಿಚಯದವ್ರು. ಒಂದು ದಿನ ಪೂರ್ತಿ ನಮ್ಮಲ್ಲಿ ನಡೆದ್ರು. ಮದಕಕ್ಕೆ ಎಷ್ಟು ಗುಡ್ಡದ ನೀರು ಬರ್ತದೆ ಕೇಳಿದ್ರು, ನಡೆದು ನೋಡಿದಾಗ ಇಪ್ಪತ್ತು ಎಕ್ರೆ ಹತ್ರ ಆಯ್ತು. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಡುದು 24 ಗಂಟೆಯಲ್ಲಿ 204.4 ಮಿ.ಮೀ. ದಾಟುವ ಮಳೆಗೆ. ಇಪ್ಪತ್ತು ಎಕ್ರೆ ಮೇಲೆ 200 ಮಿ.ಮೀ. ಬಿದ್ರೆ 1 ಕೋಟಿ 60 ಲಕ್ಷ ಲೀಟರ್. ನಮ್ಮ ಮದಕ ತುಂಬಿದ್ರೆ ಹಿಡಿಯುದು 48 ಲಕ್ಷ, ಅಂದ್ರೆ 12 ಸಾವಿರ ಲೀಟರಿನ ಟ್ಯಾಂಕರ್ ನಾನೂರು. ಮಣ್ಣು ಮೂರು ದಿನದ ಮಳೆಗೆ ಕುಡಿದು ಕುಡಿದು ಸಾಕಾಗಿದ್ರೆ ಹೆಚ್ಚಿನ ಪಾಲು ಹರಿದೇ ಬರ್ತದೆ. ಒಂದೇ ದಿನ ಮದಕಕ್ಕೆ ಮೂರು ಪಟ್ಟು ನೀರು! ಅದೆಲ್ಲ ಆ ಎಂಟಡಿ ಕೋಡಿಯಲ್ಲೇ ಹೋಗ್ಬೇಕು.

ಇನ್ನೊಂದು ಅವ್ರು ಹೇಳಿದ್ದು ನನ್ನ ತಲೆಯಿಂದ ಹೋಗುದಿಲ್ಲ. ನಮ್ಮ ಕೋಡಿ ಒಂದೂವರೆ ಅಡಿ ಆಳ, ತಮ್ಮ ಇಟ್ಟ ಹಲ್ಗೆ ಮುಕ್ಕಾಲು ಅಡಿ. ಅರ್ಧ ತಡೆದ್ರೆ ಅರ್ಧ ನೀರು ಹೋಗ್ತದೆ ಅಂತ ನಾವು ತಿಳ್ಕೊಂಡದ್ದು, ಹಾಗಲ್ವಂತೆ. ಕೋಡಿಯ ಮೇಲೆ ನೀರಿನ ಆಳ ಅರ್ಧ ಆದ್ರೆ ಹೋಗುವ ನೀರು ಮೂರರಲ್ಲಿ ಒಂದು ಪಾಲಿನ ಹತ್ರಕ್ಕೆ ಇಳೀತದೆ, ಯಾಕಂದ್ರೆ ಆಳ ಕಡಿಮೆಯಾದಾಗ ನೀರಿನ ವೇಗವೂ ಕಡಿಮೆಯಾಗ್ತದೆ. ಅಂದ್ರೆ ಬಲೆ ಇಲ್ಲದಿದ್ರೂ ನಾವು ಮುಕ್ಕಾಲಡಿ ಹಲ್ಗೆಯಲ್ಲಿ ಅಜ್ಜನ ಕೋಡಿಯ ಮೂರನೇ ಎರಡು ಪಾಲು ಮುಚ್ಚಿದ್ದೆವು. ಎರಡು ಹಲ್ಗೆ ಮಾರ್ರೆ, ಪಕ್ಕಾಸಿನ ಉಳಿಕೆ ತುಂಡು.

ಆಮೇಲೆ ದಂಡೆಯ ಬುಡ. ಹಿಂಬದಿಯ ಬುಡದಲ್ಲಿ ಒಂದು ಕಡೆ ಒದ್ದೆಯಾಗಿ ನೀರು ಒಸರ್ತಾ ಇತ್ತು. ನಮ್ಗೆ ಹೆದ್ರಿಕೆ. ಅವ್ರು ಹಳೆ ಉಪ್ಪಿನಕಾಯಿ ಬಾಟ್ಲಿ ತರಿಸಿ ಅದರಲ್ಲಿ ಆ ನೀರು ಹಿಡಿದು ಜಗಲಿಯಲ್ಲಿ ಇಟ್ರು, ಊಟ ಮಾಡಿ ಬಂದು ನೋಡುವ ಅಂದ್ರು. ಊಟ ಆಗಿ ಬಂದು ಬಾಟ್ಲಿಯನ್ನು ಬೆಳಕಿಗೆ ಹಿಡಿದು ನೋಡಿದ್ರು, ನೀರು ತಿಳಿ, ಅಡಿಯಲ್ಲಿ ಮಣ್ಣಿನ ಗೆರೆ ಇಲ್ಲ. ಮಣ್ಣಿನ ದಂಡೆ ಒಂಚೂರು ಒಸರಿಯೇ ಒಸರ್ತದೆ, ತಿಳಿ ನೀರು ಬಂದ್ರೆ ಬರ್ಲಿ, ಕೆಂಪು ನೀರು ಬಂತೋ ಒಳಗೆ ಮಣ್ಣು ಕೊಚ್ಕೊಂಡು ಹೋಗ್ತಾ ಉಂಟು ಅಂತ ಲೆಕ್ಕ, ಆಗ ನಿಲ್ಬೇಡಿ ಅಂದ್ರು. ಹಾಗೆ ಬಂದ್ರೆ ತೂತಿಗೆ ಗೋಣಿ ತುರುಕಿ ಮುಚ್ಲಿಕ್ಕೂ ಹೋಗ್ಬಾರ್ದಂತೆ, ನೀರು ಒಳಗೇ ಬೇರೆ ದಾರಿ ಹುಡುಕ್ತದೆ. ಮೊದ್ಲು ಮರಳು, ಅದರ ಮೇಲೆ ಜಲ್ಲಿ ಹಾಕ್ಬೇಕು, ನೀರು ಬರ್ಲಿ, ಮಣ್ಣು ಬರ್ಬಾರ್ದು. ಈಗ ಆ ಒಸರಿಗೆ ಸಣ್ಣ ಪೈಪು ಇಟ್ಟಿದ್ದೇವೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಹತ್ತು ಲೀಟರ್ ಬಕೆಟ್ ತುಂಬ್ಲಿಕ್ಕೆ ಎಷ್ಟು ಸೆಕೆಂಡು ಅಂತ ನೋಡಿ ಬರ್ದಿಡುದು ಮಗಳ ಕೆಲಸ. ಬಕೆಟ್ ಬೇಗ ತುಂಬ್ಲಿಕ್ಕೆ ಶುರುವಾದ್ರೆ ನನಗೆ ಬಂದು ಹೇಳ್ಬೇಕು.

ಏಡಿ, ಹೆಗ್ಗಣ, ಮುಳ್ಳುಹಂದಿ ಮಾಡುವ ತೂತೂ ನೋಡ್ಬೇಕು. 2019ರ ಜುಲೈ 2ರ ರಾತ್ರಿ ರತ್ನಾಗಿರಿ ಜಿಲ್ಲೆಯ ತಿವರೆಯ ಮಣ್ಣಿನ ಅಣೆಕಟ್ಟು ಒಡೆದು ಸುಮಾರು 20 ಜನ ಹೋದ್ರಲ್ಲ, ಆಗ ಮಂತ್ರಿಯೊಬ್ರು ಏಡಿಯಿಂದ ಹೀಗಾಯ್ತು ಅಂದದ್ದು ಪೇಪರಲ್ಲೆಲ್ಲ ಬಂದಿತ್ತು. ಊರಿನವ್ರು ಸೋರ್ತಾ ಉಂಟು ಅಂತ ಮೊದ್ಲೇ ಹೇಳಿದ್ರು. ಏಡಿ ತೂತು ಮಾಡ್ತದೆ, ಹೌದು, ಆದ್ರೆ ಅದನ್ನು ನೋಡ್ಬೇಕಾದ್ದು ದಂಡೆ ಇಟ್ಕೊಂಡವ್ರು, ಏಡಿಯ ಮೇಲೆ ಹಾಕಿದ್ರೆ ಆಗ್ತದಾ?

ಕಾನೂನು ನೋಡ್ಲಿಕ್ಕೆ ಹೋದ್ರೆ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಬರುದು 15 ಮೀಟರಿಗಿಂತ ಎತ್ತರದ್ದಕ್ಕೆ, ಮತ್ತೆ 10ರಿಂದ 15 ಮೀಟರ್ ಒಳಗಿನ ಕೆಲವಕ್ಕೆ. ನಮ್ಮದು ನಾಲ್ಕು ಮೀಟರ್. ಹಾಗಂತ ಹೊಣೆ ಇಲ್ಲ ಅಂತಲ್ಲ, ವಕೀಲಿಕೆ ಮಾಡುವ ತಂಗಿ ಹೇಳಿದ್ಲು, ತನ್ನ ಜಾಗದಲ್ಲಿ ನೀರು ಕೂಡಿಹಾಕಿ ಅದು ಪಕ್ಕದವನಿಗೆ ನುಗ್ಗಿದ್ರೆ ಕೂಡಿಹಾಕಿದವನೇ ಹೊಣೆ ಅಂತ 1868ರಲ್ಲೇ ಇಂಗ್ಲೆಂಡಿನಲ್ಲಿ ತೀರ್ಪಾಗಿದೆ, ರೈಲ್ಯಾಂಡ್ಸ್ ಕೇಸು ಅಂತ, ನಮ್ಮ ಲಾ ಕಾಲೇಜುಗಳಲ್ಲಿ ಈಗ್ಲೂ ಅದನ್ನು ಕಲಿಸ್ತಾರೆ, ಅದೂ ಹೀಗೆಯೇ ಒಂದು ಖಾಸಗಿ ಜಲಾಶಯದ ವಿಷ್ಯ. ತಂಗಿ ಹೇಳದಿದ್ರೂ ಆ ರಾತ್ರಿ ಜಗಲಿಯಲ್ಲಿ ಕೂತವ್ರ ಮುಖ ನೋಡಿದವನಿಗೆ ಅದು ಗೊತ್ತಾಗ್ತಿತ್ತು.

ಆ ಬೇಸಿಗೆಗೆ ಕೆಲ್ಸ ಹಿಡಿದೆವು. ಕೋಡಿಯನ್ನು ಎಂಟಡಿಯಿಂದ ಹದಿನಾಲ್ಕು ಅಡಿಗೆ ಅಗಲ ಮಾಡಿದ್ದು, ನೀರು ಬೀಳುವಲ್ಲಿ ಕಲ್ಲು ಹಾಸಿದ್ದು. ದಂಡೆಯ ತಗ್ಗಿಗೆ ಅರ್ಧ ಅಡಿ ಪದರದಲ್ಲಿ ಮಣ್ಣು ಹಾಕಿ, ಹದಕ್ಕೆ ನೀರು ಚಿಮುಕಿಸಿ, ಸಣ್ಣ ರೋಲರ್ ಬಾಡಿಗೆಗೆ ತಂದು ಹೊಡೆಸಿದ್ದು. ಮಣ್ಣು ಮತ್ತೆ ಕೂರ್ತದೆ ಅಂತ ಮಧ್ಯದಲ್ಲಿ ಮುಕ್ಕಾಲು ಅಡಿ ಹೆಚ್ಚೇ ಎತ್ತರ ಇಟ್ಟಿದ್ದೇವೆ. ನೆರಳಿಗೆ ಅಂತ ದಂಡೆಯ ಮೇಲೆ ನೆಟ್ಟ ಗಿಡಗಳನ್ನು ಸಣ್ಣದಿರುವಾಗ್ಲೇ ಕಿತ್ತೆವು, ಬೇರು ಸತ್ತ್ರೆ ಅದೇ ನೀರಿಗೆ ಓಣಿ. ಅಲ್ಲಿ ಈಗ ಹುಲ್ಲು ಮಾತ್ರ, ಬದಿಗೆ ಲಾವಂಚ. ತೂಬಿಗೆ ದಂಡೆ ಅಗೆಯಲಿಕ್ಕೆ ಇಂಜಿನಿಯರ್ ಬಿಡ್ಲಿಲ್ಲ, ಹಳೆ ದಂಡೆಯಲ್ಲಿ ಪೈಪು ಹೂತ್ರೆ ಪೈಪಿನ ಹೊರಮೈ ಹಿಡ್ಕೊಂಡೇ ನೀರು ದಾರಿ ಮಾಡ್ತದೆ ಅಂತ. ಬದ್ಲು ಆರಿಂಚಿನ ಪೈಪನ್ನು ದಂಡೆಯ ಮೇಲಿಂದ ದಾಟಿಸಿ ಸೈಫನ್ ಮಾಡಿದ್ದೇವೆ, ಒಮ್ಮೆ ನೀರು ತುಂಬಿಸಿ ಎಳ್ಕೊಳ್ಳುವ ಹಾಗೆ ಮಾಡಿದ್ರೆ ಕರೆಂಟು ಬೇಡ, ಪಂಪು ಬೇಡ. ಹಾಗಂತ ಮದಕ ಗಡಿಬಿಡಿಯಲ್ಲಿ ಖಾಲಿ ಮಾಡುದೂ ಇಲ್ಲ, ನೀರು ಸಟ್ಟನೆ ಇಳಿದ್ರೆ ಒದ್ದೆಯಾದ ಒಳಮೈ ಜಾರ್ತದೆ. ಜೋರು ಮಳೆಯ ಸುದ್ದಿ ಬಂದ್ರೆ ಎರಡು ದಿನ ಮೊದ್ಲೇ ನಿಧಾನಕ್ಕೆ ಬಿಡುದು.

ಬೋಟು ಉಂಟು. ಮಕ್ಕಳು ಬರ್ತಾರೆ. ಈಜುವ ಜಾಗಕ್ಕೆ ತೇಲುವ ಹಗ್ಗ ಕಟ್ಟಿ ಕೋಡಿಯ ಬದಿಗೆ ಮತ್ತೆ ಸೈಫನ್ ಬಾಯಿಯ ಹತ್ರ ಯಾರೂ ಹೋಗದ ಹಾಗೆ ಮಾಡಿದ್ದೇವೆ, ಮೆಟ್ಲಲ್ಲಿ ಟ್ಯೂಬು ಮತ್ತೆ ಉದ್ದದ ಬಿದಿರು ಯಾವಾಗ್ಲೂ ಇರ್ತದೆ, ಜೂನಿಂದ ಸೆಪ್ಟೆಂಬರ್ ತನಕ ನೀರಿಗೆ ಇಳಿಯುದೇ ಇಲ್ಲ. ಮಾರ್ಚಿಗೆ ನೀರು ಕಡಿಮೆಯಾಗಿ ಬೋಟು ದಡಕ್ಕೆ ಎಳೆದು ಇಡ್ಬೇಕಾಗ್ತದೆ, ಗೆಸ್ಟುಗಳಿಗೆ ಬೇಜಾರು, ತಮ್ಮ ಅವ್ರನ್ನು ಸುರಂಗ ತೋರಿಸ್ಲಿಕ್ಕೆ ಕರ್ಕೊಂಡು ಹೋಗ್ತಾನೆ. ಮೀನು ಮಳೆಗಾಲದಲ್ಲಿ ಎಲ್ಲ ಹೋಗ್ತದೆ. ಕಳೆದ ವರ್ಷ ಕೆಳಗಿನ ಮನೆಯ ಮಕ್ಕಳು ತೋಡಿನಲ್ಲಿ ಒಂದು ದೊಡ್ಡ ಕಾಟ್ಲ ಹಿಡಿದು ಕುಣಿತಾ ಬಂದು ತಮ್ಮನಿಗೆ ತೋರಿಸಿದ್ರು.

ಕೆಳಗಿನ ಮನೆಯ ಅಕ್ಕನ ನಂಬರು ನನ್ನ ಫೋನಿನಲ್ಲಿ ಎಲ್ಲಕ್ಕಿಂತ ಮೇಲೆ ಉಂಟು, ನನ್ನದು ಅವ್ರ ಗೋಡೆಯಲ್ಲಿ ಬರ್ದಿದೆ. ಈ ಜುಲೈಯಲ್ಲೂ ಎರಡು ರಾತ್ರಿ ಫೋನ್ ಬಂತು. "ಅಣ್ಣ, ಮಳೆ ಜೋರುಂಟಲ್ಲ, ಕೋಡಿ ಹೋಗ್ತಾ ಉಂಟಾ?" ಕಿಟಿಕಿ ತೆರೆದು ಫೋನನ್ನು ಹೊರಗೆ ಹಿಡಿದೆ, ಅವ್ರಿಗೂ ಕೇಳ್ಲಿ ಅಂತ.